ಸೂಜಿಗೂ ಒಪ್ಪಬೇಕು, ಜೀವಕೋಶಕ್ಕೂ ಒಗ್ಗಬೇಕು

ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂ ಪೇಟೆಯಿಂದ ಪೂರ್ವಕ್ಕೆ ನಡೆದರೆ ಕೆಂಪು ಇಟ್ಟಿಗೆಯ ಭಾರೀ ಕಟ್ಟಡಗಳು ಸಾಲಾಗಿ ಎದುರಾಗುತ್ತವೆ. ಎತ್ತರದ ಕಿಟಕಿಗಳು, ಹಳೆಯ ರೈಲು ಹಳಿ ಇದ್ದ ಜಾಗದಲ್ಲಿ ಈಗ ಜನ ಓಡಾಡುವ ಕಾಲುದಾರಿ, ನಡುವೆ ಕಲ್ಲಿದ್ದಲು ಉರಿಸಿ ಕಾರ್ಖಾನೆಗಳಿಗೆ ವಿದ್ಯುತ್ ಕೊಡುತ್ತಿದ್ದ ಬೇಲಿ ಪವರ್ ಪ್ಲಾಂಟ್‌ನ ಚಿಮಣಿಗಳು. ಇದೆಲ್ಲ ಹೊಗೆಸೊಪ್ಪು ಕಟ್ಟಿದ ಊರು. ಆರ್. ಜೆ. ರೆನಾಲ್ಡ್ಸ್ 1875ರಲ್ಲಿ ಇಲ್ಲಿ ತನ್ನ ಹೊಗೆಸೊಪ್ಪಿನ ಕಂಪನಿ ಶುರು ಮಾಡಿದ. 1913ರಲ್ಲಿ ಕ್ಯಾಮೆಲ್ ಸಿಗರೇಟು ಇಲ್ಲಿಂದಲೇ ಮಾರುಕಟ್ಟೆಗೆ ಬಂತು. ಅಕ್ಕಪಕ್ಕದ ವಿನ್‌ಸ್ಟನ್ ಮತ್ತು ಸೇಲಂ ಸೇರಿ ಒಂದೇ ಊರಾದದ್ದೂ ಅದೇ ವರ್ಷ.

ಸಿಗರೇಟಿನ ಕೆಲಸ ಈ ಕಟ್ಟಡಗಳನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಈ ಬಡಾವಣೆಯ ಹೆಸರು ಇನ್ನೋವೇಶನ್ ಕ್ವಾರ್ಟರ್. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಹಲವು ವಿಭಾಗಗಳು ಇಲ್ಲಿವೆ. ಅವುಗಳಲ್ಲಿ ಒಂದು, ವೇಕ್ ಫಾರೆಸ್ಟ್ ಇನ್‌ಸ್ಟಿಟ್ಯೂಟ್ ಫಾರ್ ರೀಜನರೇಟಿವ್ ಮೆಡಿಸಿನ್. ಕೆಟ್ಟುಹೋದ ಅಂಗಾಂಶವನ್ನು ರೋಗಿಯ ಜೀವಕೋಶಗಳಿಂದಲೇ ಮರಳಿ ಬೆಳೆಸುವುದು ಈ ಸಂಸ್ಥೆಯ ಗುರಿ. 2004ರಲ್ಲಿ ಬಾಸ್ಟನ್‌ನಿಂದ ಇಲ್ಲಿಗೆ ಬಂದ ಶಸ್ತ್ರವೈದ್ಯ ಆ್ಯಂಥನಿ ಅಟಾಲಾ ಇದರ ಮುಖ್ಯಸ್ಥರು. ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಕೋಶವನ್ನು ಎಳೆಯ ರೋಗಿಗಳಿಗೆ ಜೋಡಿಸಿದ ಅವರ ತಂಡದ ವರದಿ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಾಗ ಜಗತ್ತು ಈ ಊರಿನತ್ತ ತಿರುಗಿ ನೋಡಿತು.

ಜೀವಕೋಶಗಳನ್ನು ಸೂಜಿಯಿಂದ ಪದರ ಪದರವಾಗಿ ಒತ್ತಿ ಅಂಗಾಂಗ ಮುದ್ರಿಸುವ ಯಂತ್ರದ ಬಗ್ಗೆ ಕನ್ನಡದಲ್ಲೂ ಸಾಕಷ್ಟು ಸುದ್ದಿ ಬಂದಿದೆ. ಆದರೆ ಯಂತ್ರದೊಳಗೆ ತುಂಬುವ ಹೈಡ್ರೋಜೆಲ್ ಎಂಬ ನೀರುಗಟ್ಟಿದ ಲೋಳೆಯ ಬಗ್ಗೆ ಬರೆದವರು ಕಡಿಮೆ. ಮುದ್ರಿಸಿದ್ದು ನಿಲ್ಲುತ್ತದೋ ಕುಸಿಯುತ್ತದೋ, ಒಳಗಿನ ಜೀವಕೋಶ ಉಳಿಯುತ್ತದೋ ಸಾಯುತ್ತದೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಲೋಳೆ. ಅದನ್ನು ಅಳೆಯುವುದು, ತೂಗುವುದು, ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸುವುದು ಹೇಗೆ? ಆ ಪ್ರಶ್ನೆ ಹಿಡಿದು ಕೆರೊಲಿನಾಗಳಿಂದ ಅಟ್ಲಾಂಟಾಕ್ಕೆ, ಅಲ್ಲಿಂದ ವಾಷಿಂಗ್ಟನ್ನಿಗೆ ಸುತ್ತಿದ ಕಥೆ ಇದು.

ಹನ್ನೆರಡು ಜೆಲ್‌ಗಳ ಪರೀಕ್ಷೆ

ವೇಕ್ ಫಾರೆಸ್ಟ್ ಸಂಸ್ಥೆಯ ಶಾನ್ ಮರ್ಫಿ, ಅಲೆಕ್ಸಾಂಡರ್ ಸ್ಕಾರ್ಡಾಲ್ ಮತ್ತು ಅಟಾಲಾ ಸೇರಿ ಬರೆದ ಒಂದು ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಬಯೋಪ್ರಿಂಟಿಂಗ್‌ಗೆ, ಅಂದರೆ ಜೀವಕೋಶಗಳ ಮುದ್ರಣಕ್ಕೆ, ಯಾವ ಹೈಡ್ರೋಜೆಲ್ ತಕ್ಕದ್ದು ಎಂದು ನೋಡಲು ಅವರು 12 ಜೆಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲವೂ ಅಂಗಡಿಯಲ್ಲಿ ಸಿಗುವಂಥವು, ಇಲ್ಲವೇ ಪ್ರಯೋಗಾಲಯಗಳಲ್ಲಿ ಆಗಲೇ ಬಳಕೆಯಲ್ಲಿದ್ದವು. ಅವರ ಮನಸ್ಸಿನಲ್ಲಿದ್ದವರು ಸುಟ್ಟಗಾಯದ ರೋಗಿಗಳು. ಅಮೆರಿಕದಲ್ಲಿ ಪ್ರತಿವರ್ಷ ಸುಮಾರು 5 ಲಕ್ಷ ಸುಟ್ಟಗಾಯಗಳಿಗೆ ಚಿಕಿತ್ಸೆ ಬೇಕಾಗುತ್ತದೆ ಎಂಬ ಲೆಕ್ಕದಿಂದಲೇ ಪ್ರಬಂಧ ಆರಂಭವಾಗುತ್ತದೆ. ಗಾಯದ ಮೇಲೆ ನೇರವಾಗಿ ಚರ್ಮದ ಕೋಶಗಳನ್ನು ಮುದ್ರಿಸಬೇಕೆಂದರೆ, ಆ ಕೋಶಗಳನ್ನು ಹೊತ್ತುಕೊಂಡು ಹೋಗುವ ಜೆಲ್ ಹೇಗಿರಬೇಕು ಎಂಬುದು ಅವರ ಪ್ರಶ್ನೆ.

ಅವರು ನೋಡಿದ ಗುಣಗಳು ಹೀಗಿದ್ದವು. ದ್ರವವಾಗಿದ್ದದ್ದು ಗಟ್ಟಿಯಾಗಲು ಎಷ್ಟು ಹೊತ್ತು ಬೇಕು? ಗಟ್ಟಿಯಾದ ಮೇಲೆ ಉಬ್ಬುತ್ತದೋ ಕುಗ್ಗುತ್ತದೋ? ಎಷ್ಟು ದಿನ ಕರಗದೆ ಉಳಿಯುತ್ತದೆ? ಜೀವಕೋಶ ಅದರಲ್ಲಿ ಬದುಕುತ್ತದೋ? ಸೂಜಿಯಿಂದ ಅಚ್ಚುಕಟ್ಟಾಗಿ ಹೊರಬರುತ್ತದೋ? ಇಲ್ಲಿಯವರೆಗೆ ಯಾವ ವಿಜ್ಞಾನಿಯಾದರೂ ಕೇಳುವ ಪ್ರಶ್ನೆಗಳೇ. ಆದರೆ ಅವರ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಇದಕ್ಕೆ ಎಷ್ಟು ಖರ್ಚು? ಇದನ್ನು ಕೊಳ್ಳಲು ಸಿಗುತ್ತದೋ? ಔಷಧ ನಿಯಂತ್ರಕರ ಒಪ್ಪಿಗೆ ಸಿಗುವ ಸಾಧ್ಯತೆ ಎಷ್ಟು? ಕಪಾಟಿನಲ್ಲಿ ಎಷ್ಟು ಕಾಲ ಕೆಡದೆ ಇರುತ್ತದೆ? ಆಸ್ಪತ್ರೆಯವರಿಗೆ ಬಳಸಲು ಸುಲಭವೋ? ಇವೂ ಪಟ್ಟಿಯಲ್ಲಿದ್ದವು.

ಎಲ್ಲವನ್ನೂ ತೂಗಿದಾಗ ಅವರ ಕೆಲಸಕ್ಕೆ ಹೊಂದಿದ್ದು ಎಕ್ಸ್‌ಟ್ರಾಸೆಲ್ ಎಂಬ ಜೆಲ್. ಹಯಲುರಾನಿಕ್ ಆಮ್ಲವನ್ನು ಆಧರಿಸಿದ್ದು, ಅತಿನೇರಳೆ ಬೆಳಕು ಬಿದ್ದಾಗ ಗಟ್ಟಿಯಾಗುವಂಥದ್ದು. ಹಯಲುರಾನಿಕ್ ಆಮ್ಲ ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನ ಒಳಗೆ ಸಹಜವಾಗಿಯೇ ಇರುವ ವಸ್ತು. 1934ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದೂ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಉಳಿದ ಹಲವು ಜೆಲ್‌ಗಳು ಬೇರೆ ಕೆಲಸಗಳಿಗೆ ಒದಗಬಹುದು ಎಂದೂ ಅವರು ಬರೆದರು. ಎಲ್ಲ ಕೆಲಸಕ್ಕೂ ಒಂದೇ ಜೆಲ್ ಸಾಲದು. ಯಾವ ಕೆಲಸಕ್ಕೆ ಎಂದು ಹೇಳಿದ ಮೇಲೆಯೇ ಒಂದು ಜೆಲ್ ಒಳ್ಳೆಯದೋ ಅಲ್ಲವೋ ಎಂಬ ಮಾತು ಶುರುವಾಗುತ್ತದೆ.

ಸೋತ ತಟ್ಟೆಗಳ ಮುಂದೆ

ಇಂಥ ಪರೀಕ್ಷೆಯನ್ನು ನಾನು ಕಣ್ಣಾರೆ ನೋಡಿದ್ದು ಇದೇ ಪ್ರದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಮಲೆನಾಡಿನ ಹುಡುಗಿ ಬಿಳಿ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಸರ್. ಯಂತ್ರ ತೋರಿಸಿದ್ರೆ ಎಲ್ಲರೂ ಫೋಟೋ ತಗೊಂಡು ಹೊರಟುಬಿಡ್ತಾರೆ. ನಾನು ನಿಮಗೆ ಮೊದಲು ಸೋತ ತಟ್ಟೆಗಳನ್ನ ತೋರಿಸ್ತೀನಿ."

ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳು. ಒಂದರಲ್ಲಿ ಜಾಲರಿಯಂತೆ ಎಳೆದ ಗೆರೆಗಳು ಒಂದಕ್ಕೊಂದು ಕರಗಿ ಮುದ್ದೆಯಾಗಿದ್ದವು. ಇನ್ನೊಂದರಲ್ಲಿ ಗೆರೆ ಅಲ್ಲಲ್ಲಿ ತುಂಡಾಗಿ ಒರಟಾಗಿತ್ತು. ಮೂರನೆಯದರಲ್ಲಿ ಚೌಕಗಳು ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿದ್ದವು. ನೋಡಲು ಅದೇ ಚೆನ್ನ.

"ಅದು ಚೆನ್ನಾಗಿ ಕಾಣುತ್ತೆ ಸರ್, ಆದ್ರೆ ಒಳಗಿನ ಕೋಶ ಹೆಚ್ಚು ದಿನ ಉಳಿಯಲ್ಲ," ಎಂದರು.

ಈ ವಿದ್ಯೆಯ ಕಷ್ಟವೆಲ್ಲ ಆ ಒಂದು ಮಾತಿನಲ್ಲಿದೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದವರಿಗೆ ಅರ್ಧ ವಿಷಯ ಗೊತ್ತೇ ಇರುತ್ತದೆ: ಹಿಟ್ಟು ಸಡಿಲವಾದರೆ ಸುತ್ತು ನಿಲ್ಲುವುದಿಲ್ಲ, ಬಿರುಸಾದರೆ ಒರಳಿನಿಂದ ಇಳಿಯುವುದಿಲ್ಲ, ಇಳಿದರೂ ತುಂಡಾಗುತ್ತದೆ. ಇನ್ನರ್ಧ ಕಷ್ಟ ಬರುವುದು ಜೆಲ್‌ನೊಳಗೆ ಜೀವ ಇರುವುದರಿಂದ. ಗಟ್ಟಿ ಜೆಲ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದನ್ನು ನೂಕಲು ಹೆಚ್ಚು ಒತ್ತಡ ಬೇಕು. ಆ ಒತ್ತಡದಲ್ಲಿ ಸೂಜಿಯ ಗೋಡೆಗೆ ಉಜ್ಜಿಕೊಂಡು ಹೋಗುವ ಕೋಶದ ಪೊರೆ ಹರಿಯುತ್ತದೆ. ಹೊರಗೆ ಬಂದ ಮೇಲೂ ಬಿಗಿಯಾದ ಜಾಲದೊಳಗೆ ಕೋಶಕ್ಕೆ ಹರಡಲು, ಚಲಿಸಲು, ತನ್ನದೇ ಅಂಗಾಂಶ ಕಟ್ಟಿಕೊಳ್ಳಲು ಜಾಗವಿಲ್ಲ. ಸಡಿಲ ಜೆಲ್ ಕೋಶಕ್ಕೆ ಹಿತ, ಆಕಾರಕ್ಕೆ ಕೆಡುಕು. ಸೂಜಿ ಕೇಳುವುದೇ ಒಂದು, ಜೀವಕೋಶ ಕೇಳುವುದೇ ಇನ್ನೊಂದು.

ಮೊದಲ ಪರೀಕ್ಷೆ ಸರಳ. ಸಣ್ಣ ಸೀಸೆಯಲ್ಲಿ ಜೆಲ್ ಹಾಕಿ, ಹೊತ್ತು ನೋಡುತ್ತ, ತಲೆಕೆಳಗು ಮಾಡುವುದು. ಹರಿದು ಬಂದರೆ ಇನ್ನೂ ದ್ರವ, ತಳದಲ್ಲೇ ನಿಂತರೆ ಗಟ್ಟಿಯಾಗಿದೆ. ಎರಡನೆಯದು ರಿಯೋಮೀಟರ್. ಒಂದರ ಮೇಲೊಂದು ಕೂತ ಎರಡು ಲೋಹದ ಬಿಲ್ಲೆಗಳ ನಡುವೆ ಜೆಲ್ ಇಟ್ಟು, ಮೇಲಿನದನ್ನು ತಿರುಗಿಸುತ್ತಾರೆ. ಎಷ್ಟು ಬಲ ಹಾಕಿದಾಗ ಜೆಲ್ ಹರಿಯಲು ಶುರುಮಾಡುತ್ತದೆ, ವೇಗ ಹೆಚ್ಚಿದಂತೆ ಎಷ್ಟು ತೆಳುವಾಗುತ್ತದೆ, ಬಿಟ್ಟ ಮೇಲೆ ಎಷ್ಟು ಬೇಗ ಮೊದಲಿನ ಗಟ್ಟಿತನಕ್ಕೆ ಮರಳುತ್ತದೆ ಎಂಬ ಮೂರು ಸಂಗತಿ ಗೆರೆಗಳಾಗಿ ಪರದೆಯ ಮೇಲೆ ಮೂಡುತ್ತವೆ. ಸೂಜಿಯೊಳಗೆ ತೆಳುವಾಗಿ, ಹೊರಗೆ ಬಂದ ಕೂಡಲೇ ಗಟ್ಟಿಯಾಗುವ ಜೆಲ್ ಬೇಕು. ಆ ಮರಳುವಿಕೆ ನಿಧಾನವಾದರೆ ಮೇಲಿನ ಪದರದ ಭಾರಕ್ಕೆ ಕೆಳಗಿನದು ಚಪ್ಪಟೆಯಾಗುತ್ತದೆ.

ಮೂರನೆಯದರಲ್ಲಿ ಪುಟ್ಟ ಕಂಬಗಳ ಸಾಲು. ಕಂಬಗಳ ನಡುವಿನ ಅಂತರ 1, 2, 4, 8, 16 ಮಿಲಿಮೀಟರ್ ಎಂದು ದುಪ್ಪಟ್ಟಾಗುತ್ತ ಹೋಗುತ್ತದೆ. ಅವುಗಳ ತಲೆಯ ಮೇಲೆ ಜೆಲ್‌ನ ಒಂದೇ ಎಳೆ ಎಳೆಯುತ್ತಾರೆ. ಯಾವ ಅಂತರದವರೆಗೆ ಎಳೆ ಜೋತುಬೀಳದೆ ದಾಟುತ್ತದೆ ಎಂದು ಕ್ಯಾಮೆರಾ ನೋಡುತ್ತದೆ.

ನಾಲ್ಕನೆಯದು ಜಾಲರಿ. ಸೂಜಿಯ ಒಳ ವ್ಯಾಸ ಸುಮಾರು ಕಾಲು ಮಿಲಿಮೀಟರ್. ಅಡ್ಡ ಉದ್ದ ಗೆರೆ ಎಳೆದಾಗ ನಡುವೆ ಉಳಿಯುವ ಕಿಂಡಿ ಚೌಕವಾಗಿರಬೇಕು. ಚೀನಾದ ಸಂಶೋಧಕರು 2016ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು: ಕಿಂಡಿಯ ಸುತ್ತಳತೆಯ ವರ್ಗವನ್ನು ಅದರ ವಿಸ್ತೀರ್ಣದ 16 ಪಟ್ಟಿನಿಂದ ಭಾಗಿಸಿ. ಉತ್ತರ 1 ಬಂದರೆ ಸರಿಯಾದ ಚೌಕ. ಕಡಿಮೆ ಬಂದರೆ ಜೆಲ್ ಹರಡಿ ಕಿಂಡಿ ದುಂಡಾಗಿದೆ, ಹೆಚ್ಚು ಬಂದರೆ ಜೆಲ್ ಬಿರುಸಾಗಿ ಅಂಚು ಕೊರಕಲಾಗಿದೆ. 'ಚೆನ್ನಾಗಿ ಪ್ರಿಂಟ್ ಆಯಿತು' ಎಂಬ ಬಾಯಿಮಾತನ್ನು ಈ ಪುಟ್ಟ ಭಾಗಾಕಾರ ಸಂಖ್ಯೆಯಾಗಿಸಿತು. ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ತಮ್ಮ ಜೆಲ್‌ಗಳನ್ನು ಹೋಲಿಸಲು ಅದರಿಂದ ದಾರಿಯಾಯಿತು.

ಕಡೆಯ ಪರೀಕ್ಷೆ ಕತ್ತಲೆ ಕೋಣೆಯಲ್ಲಿ. ಎರಡು ಬಣ್ಣ ಹಾಕಿದ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬದುಕಿರುವ ಕೋಶ ಹಸಿರಾಗಿ, ಸತ್ತದ್ದು ಕೆಂಪಾಗಿ ಹೊಳೆಯುತ್ತದೆ. ಮುದ್ರಿಸಿದ ಕೂಡಲೇ ಒಮ್ಮೆ, ಮರುದಿನ ಒಮ್ಮೆ, ವಾರದ ಮೇಲೆ ಮತ್ತೊಮ್ಮೆ ಎಣಿಸುತ್ತಾರೆ.

"ಮೊದಲ ದಿನದ ಹಸಿರು ನೋಡಿ ಖುಷಿಪಡಬಾರದು ಸರ್. ಒತ್ತಡಕ್ಕೆ ಪೆಟ್ಟು ತಿಂದ ಕೋಶ ತಕ್ಷಣ ಸಾಯಲ್ಲ, ಆಮೇಲೆ ಸಾಯುತ್ತೆ. ಏಳನೇ ದಿನದ ತಟ್ಟೆಯೇ ನಿಜ ಹೇಳೋದು."

ಒಬ್ಬೊಬ್ಬರಿಗೆ ಒಂದೊಂದು ಕೆಲಸ

ಸಾಮಾನ್ಯವಾಗಿ ಬಳಸುವ ಜೆಲ್‌ಗಳನ್ನು ಒಂದೊಂದಾಗಿ ನೋಡಿದರೆ ಯಾವುದಕ್ಕೂ ಪೂರ್ಣ ಅಂಕ ಸಿಗುವುದಿಲ್ಲ. ಕಂದು ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಅಗ್ಗ, ಕ್ಯಾಲ್ಸಿಯಂ ತಾಗಿದ ಕ್ಷಣವೇ ಗಟ್ಟಿಯಾಗುತ್ತದೆ. ಆದರೆ ನಮ್ಮ ಕೋಶಗಳಿಗೆ ಅದರಲ್ಲಿ ಹಿಡಿದುಕೊಳ್ಳಲು ಆಸರೆಯಿಲ್ಲ. ಪ್ರಾಣಿಗಳ ಕೊಲಾಜೆನ್‌ನಿಂದ ಬರುವ ಜೆಲಟಿನ್ ಕೋಶಗಳಿಗೆ ಬಹಳ ಒಗ್ಗುತ್ತದೆ, ಆದರೆ ಮೈಯ ಬಿಸಿಗೆ, 37 ಡಿಗ್ರಿಗೆ, ಕರಗಿಹೋಗುತ್ತದೆ. ಬೆಳಕಿಗೆ ಗಟ್ಟಿಯಾಗುವಂತೆ ಅದನ್ನು ಮಾರ್ಪಡಿಸಿದರೆ ನಿಲ್ಲುತ್ತದೆ, ಆಗ ಬೆಳಕೂ ಅದರ ಜೊತೆಗಿನ ರಾಸಾಯನಿಕವೂ ಕೋಶಕ್ಕೆ ಎಷ್ಟು ಹಾನಿ ಮಾಡುತ್ತವೆಂದು ಬೇರೆ ಅಳೆಯಬೇಕು. ಪ್ಲುರೋನಿಕ್ ಎಫ್-127 ಎಂಬುದು ತಣ್ಣಗಿದ್ದಾಗ ದ್ರವ, ಕೋಣೆಯ ಬಿಸಿಗೆ ಗಟ್ಟಿ. ಅದರಷ್ಟು ಅಂದವಾಗಿ ಗೆರೆ ಬೀಳುವ ಜೆಲ್ ಕಡಿಮೆ. ಕೋಶಗಳು ಮಾತ್ರ ಅದರಲ್ಲಿ ಬಹುಕಾಲ ಬಾಳುವುದಿಲ್ಲ. ನಾನು ಮೆಚ್ಚಿದ ಮೂರನೆಯ ತಟ್ಟೆ ಅದರದೇ.

ವಿನ್‌ಸ್ಟನ್-ಸೇಲಂ ತಂಡ ಈ ಕುಂದುಗಳನ್ನೇ ಹಂಚಿ ಹಾಕಿ ಕೆಲಸ ತೆಗೆಯಿತು. 2016ರ ಫೆಬ್ರವರಿಯಲ್ಲಿ 'ನೇಚರ್ ಬಯೋಟೆಕ್ನಾಲಜಿ'ಯಲ್ಲಿ ಅವರು ವಿವರಿಸಿದ ಐಟಾಪ್ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಕೋಶ ಹೊರುವ ಜೆಲ್ ನಾಲ್ಕು ವಸ್ತುಗಳ ಬೆರಕೆ. ಜೆಲಟಿನ್ ತಣ್ಣಗಿರುವಾಗ ಆಕಾರ ಹಿಡಿಯುತ್ತದೆ. ಹಯಲುರಾನಿಕ್ ಆಮ್ಲ ಮತ್ತು ಗ್ಲಿಸರಾಲ್ ಸೂಜಿ ಕಟ್ಟಿಕೊಳ್ಳದಂತೆ, ಎಳೆ ಒಂದೇ ಸಮ ಬರುವಂತೆ ನೋಡಿಕೊಳ್ಳುತ್ತವೆ. ನಾಲ್ಕನೆಯದು ಫೈಬ್ರಿನೊಜೆನ್, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್. ಮುದ್ರಣ ಮುಗಿದ ಮೇಲೆ ಥ್ರಾಂಬಿನ್ ಹಾಕಿದರೆ ಫೈಬ್ರಿನೊಜೆನ್ ಹೆಪ್ಪಾಗಿ ನಿಲ್ಲುತ್ತದೆ. ಆಮೇಲೆ ಉಳಿದ ಮೂರನ್ನೂ ತೊಳೆದು ತೆಗೆಯುತ್ತಾರೆ. ಕೋಶದ ಸುತ್ತ ಉಳಿಯುವುದು, ಗಾಯ ಮಾಯುವಾಗ ನಮ್ಮ ದೇಹವೇ ಕಟ್ಟಿಕೊಳ್ಳುವಂಥ ಬಲೆ.

ಅಷ್ಟು ಮೆತ್ತನೆಯ ಜೆಲ್ ತಾನಾಗಿ ಎತ್ತರಕ್ಕೆ ನಿಲ್ಲಲಾರದು. ಅದಕ್ಕೆಂದೇ ಪಕ್ಕದಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ, ದೇಹದೊಳಗೆ ನಿಧಾನವಾಗಿ ಕರಗಿಹೋಗುವ ಪ್ಲಾಸ್ಟಿಕ್‌ನ ಎಳೆಗಳನ್ನು ಕಟ್ಟಿದರು. ಪ್ಲುರೋನಿಕ್ ತಾತ್ಕಾಲಿಕ ಆಸರೆಯಾಗಿ ನಿಂತು, ಕೆಲಸ ಮುಗಿದ ಮೇಲೆ ಹೊರಹೋಯಿತು. ಎಳೆಗಳ ನಡುವೆ ಸಣ್ಣ ಕಾಲುವೆಗಳನ್ನು ಉಳಿಸಿದರು. ರಕ್ತನಾಳವಿಲ್ಲದ ಕಡೆ ಆಮ್ಲಜನಕ ತಾನಾಗಿ ಹರಡಿ ತಲುಪುವುದು ಮಿಲಿಮೀಟರಿನ ಹತ್ತನೆಯ ಒಂದೋ ಎರಡೋ ಭಾಗದಷ್ಟು ದೂರ ಮಾತ್ರ. ಅದರಾಚೆಯ ಕೋಶ ಉಸಿರುಗಟ್ಟಿ ಸಾಯುತ್ತದೆ. ಈ ಬಗೆಯಲ್ಲಿ ಅವರು ಕಿವಿಯ ಮೃದ್ವಸ್ಥಿ, ದವಡೆಯ ಮೂಳೆಯ ತುಂಡು, ಸ್ನಾಯು ಮುದ್ರಿಸಿ ತೋರಿಸಿದರು.

ದಪ್ಪದ ಅಂಗಾಂಶವೇ ದೊಡ್ಡ ಸವಾಲೆಂದು ನಾಸಾ ಒಂದು ಸ್ಪರ್ಧೆ ಇಟ್ಟಿತ್ತು. ಒಂದು ಸೆಂಟಿಮೀಟರ್ ದಪ್ಪದ ಅಂಗಾಂಶ 30 ದಿನ ಬದುಕಿರಬೇಕು, ಶೇಕಡ 85ಕ್ಕೂ ಹೆಚ್ಚು ಕೋಶಗಳು ಉಳಿದಿರಬೇಕು ಎಂಬುದು ನಿಯಮ. 2021ರ ಜೂನ್‌ನಲ್ಲಿ ಮೊದಲ ಎರಡೂ ಸ್ಥಾನ ಇದೇ ಸಂಸ್ಥೆಯ ಎರಡು ತಂಡಗಳಿಗೆ ಬಂದವು. ಇಬ್ಬರೂ ಮುದ್ರಿಸಿದ್ದು ಯಕೃತ್ತಿನ ಅಂಗಾಂಶ, ಇಬ್ಬರ ಜೆಲ್ ಮತ್ತು ವಿನ್ಯಾಸ ಮಾತ್ರ ಬೇರೆ ಬೇರೆ. ಸುಟ್ಟಗಾಯದ ಕೆಲಸವೂ ನಿಲ್ಲಲಿಲ್ಲ. ಆರು ಬಗೆಯ ಮಾನವ ಚರ್ಮಕೋಶಗಳನ್ನು ಫೈಬ್ರಿನೊಜೆನ್ ಜೆಲ್‌ನಲ್ಲಿ ಬೆರೆಸಿ ಮೂರು ಪದರದ ಚರ್ಮ ಮುದ್ರಿಸಿ, ಪ್ರಾಣಿಗಳ ಗಾಯದ ಮೇಲೆ ಅದು ಕೂಡಿಕೊಂಡದ್ದನ್ನು 2023ರಲ್ಲಿ ವರದಿ ಮಾಡಿದರು.

ಕ್ಲೆಮ್‌ಸನ್: ಕಚೇರಿಯ ಪ್ರಿಂಟರಿನಿಂದ

ಐ-85 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಇಳಿದರೆ ಇಕ್ಕೆಲದಲ್ಲೂ ಪೈನ್ ಮರಗಳು, ಮಣ್ಣು ಅಗೆದ ಕಡೆಯೆಲ್ಲ ಪೀಡ್‌ಮಾಂಟ್‌ನ ಕೆಂಪು. ದಕ್ಷಿಣ ಕೆರೊಲಿನಾದಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಕ್ಲೆಮ್‌ಸನ್. ವಿಶ್ವವಿದ್ಯಾಲಯವೇ ಊರು. ದೇಹದೊಳಗೆ ಇಡುವ ವಸ್ತುಗಳ ಶಾಸ್ತ್ರಕ್ಕೆ ಇದು ಹಳೆಯ ನೆಲೆ. 1969ರಿಂದ ಇಲ್ಲಿ ನಡೆದ ವಾರ್ಷಿಕ ಸಮಾವೇಶಗಳಿಂದಲೇ 1974ರಲ್ಲಿ ಸೊಸೈಟಿ ಫಾರ್ ಬಯೋಮೆಟೀರಿಯಲ್ಸ್ ಹುಟ್ಟಿತು.

ಇಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಬೋಲಂಡ್ 2000ದ ದಶಕದ ಆರಂಭದಲ್ಲಿ ಕಚೇರಿಗಳಲ್ಲಿ ಕಾಗದ ಮುದ್ರಿಸುವ ಸಾಮಾನ್ಯ ಇಂಕ್‌ಜೆಟ್ ಪ್ರಿಂಟರನ್ನು ಬದಲಾಯಿಸಿ, ಶಾಯಿಯ ಜಾಗದಲ್ಲಿ ಜೀವಕೋಶ ತುಂಬಿದರು. ಬಿಸಿಯಿಂದ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುವ ಆ ಯಂತ್ರದಲ್ಲಿ ಕೋಶ ಬೆಂದುಹೋಗಬಹುದೆಂಬ ಅನುಮಾನ ಸಹಜವಾಗಿತ್ತು. ಎಣಿಸಿ ನೋಡಿದಾಗ ಮುದ್ರಣದಲ್ಲಿ ಒಡೆದುಹೋದ ಕೋಶ ಶೇಕಡ 8ಕ್ಕಿಂತ ಕಡಿಮೆ ಎಂದು ಅವರ ತಂಡ 2005ರಲ್ಲಿ ಪ್ರಕಟಿಸಿತು. ಜೀವಂತ ಕೋಶಗಳ ಇಂಕ್‌ಜೆಟ್ ಮುದ್ರಣಕ್ಕೆ 2006ರಲ್ಲಿ ಪೇಟೆಂಟ್ ಸಿಕ್ಕಿತು. ಇದೇ ರಾಜ್ಯದ ಕಡಲತೀರದ ಚಾರ್ಲ್ಸ್‌ಟನ್‌ನಲ್ಲಿ, ಮೆಡಿಕಲ್ ಯೂನಿವರ್ಸಿಟಿ ಆಫ್ ಸೌತ್ ಕೆರೊಲಿನಾದಲ್ಲಿದ್ದ ವ್ಲಾದಿಮಿರ್ ಮಿರೊನೊವ್ ಮತ್ತು ರೋಜರ್ ಮಾರ್ಕ್‌ವಾಲ್ಡ್, ಬೋಲಂಡ್ ಮುಂತಾದವರೊಡನೆ 2003ರಲ್ಲಿ ಅಂಗಾಂಗ ಮುದ್ರಣ ಎಂಬ ಕಲ್ಪನೆಯ ನಕ್ಷೆಯನ್ನೇ ಬರೆದಿಟ್ಟರು.

ಆ ಕಾಲದ ಮಿತಿ ಹೈಡ್ರೋಜೆಲ್‌ನದೇ. ಇಂಕ್‌ಜೆಟ್ಟಿನ ರಂಧ್ರ ಬಹಳ ಸಣ್ಣದು, ಅದರಲ್ಲಿ ನೀರಿನಂಥ ದ್ರವ ಮಾತ್ರ ಹೋಗುತ್ತದೆ. ಬಿದ್ದ ಹನಿ ಹರಡದಂತೆ ಹಿಡಿದಿಡಲು ಕೆಳಗೆ ಬೇರೆಯೇ ಜೆಲ್ ಬೇಕು. ಹೀಗಾಗಿ ಆಲ್ಜಿನೇಟಿನ ಮೇಲೆ ಕ್ಯಾಲ್ಸಿಯಂ ಹನಿಸಿ ಗಟ್ಟಿಮಾಡುವಂಥ ಉಪಾಯಗಳು ಬಂದವು. ಮುಂದೆ ಸಿರಿಂಜಿನಿಂದ ಒತ್ತುವ ಯಂತ್ರಗಳು ಮೇಲುಗೈ ಪಡೆದದ್ದು ದಪ್ಪ ಜೆಲ್‌ಗಳನ್ನೂ ಅವು ಒತ್ತಬಲ್ಲವೆಂಬ ಕಾರಣಕ್ಕೆ. ಯಂತ್ರ ಬದಲಾದಾಗ ಜೆಲ್‌ನ ಅರ್ಹತೆಯೂ ಬದಲಾಯಿತು. ಒಂದು ಯಂತ್ರದಲ್ಲಿ ಅಳೆದ ಅಂಕ ಇನ್ನೊಂದಕ್ಕೆ ಹಾಗೇ ಸಲ್ಲುವುದಿಲ್ಲ ಎಂಬ ಪಾಠ ಆಗಲೇ ಸಿಕ್ಕಿತ್ತು.

ಅಟ್ಲಾಂಟಾ: ಪ್ರತಿ ಸಲವೂ ಒಂದೇ ಆಗಿರಬೇಕು

ಅಟ್ಲಾಂಟಾದ ಜಾರ್ಜಿಯಾ ಟೆಕ್ ಆವರಣದಲ್ಲಿ ಪೆಟಿಟ್ ಇನ್‌ಸ್ಟಿಟ್ಯೂಟ್ ಇದೆ. ಆಂದ್ರೆಸ್ ಗಾರ್ಸಿಯಾ ಅವರ ತಂಡ ಇಲ್ಲಿ ಪಾಲಿಥಿಲೀನ್ ಗ್ಲೈಕಾಲ್‌ನಿಂದ ಕೃತಕ ಹೈಡ್ರೋಜೆಲ್‌ಗಳನ್ನು ಕಟ್ಟುತ್ತ ಬಂದಿದೆ. ಅದೇಕೆ ಮುಖ್ಯವೆಂದು ತಿಳಿಯಲು ಮ್ಯಾಟ್ರಿಜೆಲ್ ಎಂಬ ಹೆಸರು ಗೊತ್ತಿರಬೇಕು. ಜಗತ್ತಿನ ಜೀವಕೋಶ ಪ್ರಯೋಗಾಲಯಗಳಲ್ಲಿ ಅತಿ ಬಳಕೆಯ ಜೆಲ್‌ಗಳಲ್ಲಿ ಅದೊಂದು. ಕೋಶಗಳು ಅದರಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದರೆ ಅದನ್ನು ತೆಗೆಯುವುದು ಇಲಿಯ ಗೆಡ್ಡೆಯಿಂದ. ಒಂದು ಸಲ ಬಂದ ಸರಕಿನಂತೆ ಇನ್ನೊಂದು ಸಲದ್ದು ಇರುವುದಿಲ್ಲ, ಮನುಷ್ಯರೊಳಗೆ ಅದನ್ನು ಇಡುವಂತೆಯೂ ಇಲ್ಲ. ಗಾರ್ಸಿಯಾ ಮತ್ತು ಸಹವರ್ತಿಗಳು 2017ರಲ್ಲಿ ಮಾನವ ಕರುಳಿನ ಪುಟ್ಟ ಪ್ರತಿರೂಪಗಳನ್ನು (ಆರ್ಗನಾಯ್ಡ್) ಪೂರ್ಣ ಕೃತಕ ಜೆಲ್‌ನಲ್ಲಿ ಬೆಳೆಸಿ, ಇಲಿಗಳ ಕರುಳಿನ ಗಾಯ ಮಾಯಲು ಅವನ್ನು ಬಳಸಿ ತೋರಿಸಿದರು.

ಕೃತಕ ಜೆಲ್‌ನ ಬಲ ಇರುವುದು ಅದರ ಗುಣವನ್ನು ಬೇಕೆಂದಷ್ಟಕ್ಕೆ ನಿಲ್ಲಿಸಬಹುದು ಎಂಬಲ್ಲಿ. ಎಷ್ಟು ಗಟ್ಟಿ ಎಂಬುದು ಕೋಶದ ಭವಿಷ್ಯವನ್ನೇ ತಿರುಗಿಸುತ್ತದೆ. ಒಂದೇ ಬಗೆಯ ಕಾಂಡಕೋಶವನ್ನು ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಇಟ್ಟರೆ ನರಕೋಶದತ್ತ, ಸ್ನಾಯುವಿನಷ್ಟು ಗಟ್ಟಿಯ ಮೇಲೆ ಇಟ್ಟರೆ ಸ್ನಾಯುವಿನತ್ತ, ಇನ್ನೂ ಗಟ್ಟಿಯಾದರೆ ಮೂಳೆಯತ್ತ ಸಾಗುತ್ತದೆ ಎಂದು 2006ರಲ್ಲಿ ಆ್ಯಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತಿತರರು ತೋರಿಸಿದ್ದರು. ಹಾಗಾಗಿ ಗಟ್ಟಿತನದ ಅಳತೆ ಆಕಾರಕ್ಕೆ ಎಷ್ಟು ಬೇಕೋ, ಜೀವಕೋಶಕ್ಕೂ ಅಷ್ಟೇ ಬೇಕು.

ಇದೇ ಜಾರ್ಜಿಯಾ ಟೆಕ್‌ನ ಸ್ಕಾಟ್ ಹಾಲಿಸ್ಟರ್ ಬೇರೊಂದು ದಾರಿಯಲ್ಲಿ ಮುಂದೆ ಹೋದವರು. ಉಸಿರ್ನಾಳ ಕುಸಿದ ಎಳೆಮಕ್ಕಳಿಗೆ ಅದನ್ನು ಹೊರಗಿನಿಂದ ಹಿಡಿದು ನಿಲ್ಲಿಸುವ ಪಾಲಿಕ್ಯಾಪ್ರೊಲ್ಯಾಕ್ಟೋನ್ ಕವಚವನ್ನು ಅವರು ಮುದ್ರಿಸಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದಾಗ ಶಸ್ತ್ರವೈದ್ಯ ಗ್ಲೆನ್ ಗ್ರೀನ್ ಜೊತೆ ಮಾಡಿದ ಈ ಕೆಲಸ 2013ರಲ್ಲಿ ಪ್ರಕಟವಾಯಿತು. 2018ರಲ್ಲಿ ಅಟ್ಲಾಂಟಾದ ಮಕ್ಕಳ ಆಸ್ಪತ್ರೆಯಲ್ಲೂ ಒಂದು ಕೂಸಿಗೆ ಇಂಥ ಕವಚ ಇಟ್ಟರು. ಅದರಲ್ಲಿ ಜೀವಕೋಶವಿಲ್ಲ, ಜೆಲ್ ಇಲ್ಲ. ಗುಣ ಚೆನ್ನಾಗಿ ಗೊತ್ತಿರುವ ವಸ್ತು. ರೋಗಿಯ ಹಾಸಿಗೆಗೆ ಅದು ಬೇಗ ತಲುಪಿದ್ದಕ್ಕೆ ಅದೂ ಒಂದು ಕಾರಣ. ನೀರು, ಪ್ರೋಟೀನ್, ಜೀವಂತ ಕೋಶ ಮೂರೂ ಬೆರೆತ ಮುದ್ರಣ ಅದೇ ಹಾಸಿಗೆ ತಲುಪಬೇಕಾದರೆ ಇನ್ನೂ ಹೆಚ್ಚಿನ ಪರೀಕ್ಷೆಗಳನ್ನು ದಾಟಬೇಕು.

ವಾಷಿಂಗ್ಟನ್ ಸುತ್ತಮುತ್ತ: ಒಪ್ಪಿಗೆಯ ಬಾಗಿಲು

ಆ ಪರೀಕ್ಷೆಗಳ ಬಾಗಿಲು ಇರುವುದು ವಾಷಿಂಗ್ಟನ್ನಿನ ಅಂಚಿನ ಮೇರಿಲ್ಯಾಂಡ್‌ನಲ್ಲಿ. ಸಿಲ್ವರ್ ಸ್ಪ್ರಿಂಗ್ ಬಳಿಯ ವೈಟ್ ಓಕ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) ವಿಶಾಲ ಆವರಣವಿದೆ. 3ಡಿ ಮುದ್ರಿತ ವೈದ್ಯಕೀಯ ಸಾಧನಗಳಿಗಾಗಿ ಅದು 2017ರ ಡಿಸೆಂಬರ್‌ನಲ್ಲಿ ಮಾರ್ಗದರ್ಶಿ ಹೊರಡಿಸಿತು. ಜೀವಕೋಶ, ಅಂಗಾಂಶ ಸೇರಿದ ಮುದ್ರಣ ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಅದರಲ್ಲೇ ಹೇಳಿದೆ. ಯಂತ್ರ, ಜೆಲ್, ಜೀವಕೋಶ ಮೂರೂ ಕೂಡಿದ ವಸ್ತುವನ್ನು ಒಂದೊಂದಾಗಿ ತೂಗಿದರೆ ಸಾಲದು, ಕೂಡಿದ ಮೇಲೂ ತೂಗಬೇಕು.

ಕೆಲವೇ ಮೈಲಿ ದೂರದ ಕಾಲೇಜ್ ಪಾರ್ಕ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಜಾನ್ ಫಿಷರ್ ನೇತೃತ್ವದಲ್ಲಿ ಇಲ್ಲಿ ಸಂಕೀರ್ಣ ಅಂಗಾಂಶಗಳ ಎಂಜಿನಿಯರಿಂಗ್ ಕೇಂದ್ರವೊಂದು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ ಶುರುವಾಯಿತು. ರೈಸ್ ವಿಶ್ವವಿದ್ಯಾಲಯವೂ ವಿನ್‌ಸ್ಟನ್-ಸೇಲಂ ಸಂಸ್ಥೆಯೂ ಅದರಲ್ಲಿ ಪಾಲುದಾರರಾದವು. ಮೇರಿಲ್ಯಾಂಡ್‌ನದೇ ರಾಕ್‌ವಿಲ್‌ನಲ್ಲಿ ಸರ್ಕಾರದ್ದೇ ಆದ ಅಂಗಾಂಶ ಮುದ್ರಣ ಪ್ರಯೋಗಾಲಯವಿದೆ. ಅಲ್ಲಿ ಮುದ್ರಿಸುವ ಅಂಗಾಂಶ ಕಸಿಗಲ್ಲ, ಔಷಧಗಳನ್ನು ಪರೀಕ್ಷಿಸಲು. ಔಷಧ ಪರೀಕ್ಷೆಗೆ ಪ್ರಾಣಿಪ್ರಯೋಗವೇ ಆಗಬೇಕೆಂಬ ಹಳೆಯ ಕಟ್ಟಳೆಯನ್ನು 2022ರ ಡಿಸೆಂಬರ್‌ನಲ್ಲಿ ಅಮೆರಿಕ ತೆಗೆದುಹಾಕಿದ ಮೇಲೆ ಈ ಕೆಲಸಕ್ಕೆ ಮತ್ತಷ್ಟು ಬೆಲೆ ಬಂದಿದೆ. ಔಷಧ ಪರೀಕ್ಷೆಗೆ ಬಳಸುವ ಅಂಗಾಂಶವಂತೂ ನೂರು ಸಲ ಮುದ್ರಿಸಿದರೂ ಒಂದೇ ತೆರನಾಗಿರಬೇಕು. ಇಲ್ಲದಿದ್ದರೆ ಕಂಡ ವ್ಯತ್ಯಾಸ ಔಷಧದ್ದೋ ಜೆಲ್‌ನದೋ ತಿಳಿಯುವುದೇ ಇಲ್ಲ.

ಸಿಲ್ವರ್ ಸ್ಪ್ರಿಂಗ್‌ನಲ್ಲೂ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್‌ನಲ್ಲೂ ನೆಲೆಯಿರುವ ಯುನೈಟೆಡ್ ಥೆರಪ್ಯೂಟಿಕ್ಸ್ ಕಂಪನಿ 3ಡಿ ಸಿಸ್ಟಮ್ಸ್ ಜೊತೆ ಸೇರಿ 2022ರಲ್ಲಿ ಮಾನವ ಶ್ವಾಸಕೋಶದ ಮುದ್ರಿತ ಚೌಕಟ್ಟನ್ನು ತೋರಿಸಿತು. ಅದರಲ್ಲಿ 4,000 ಕಿಲೋಮೀಟರ್ ಉದ್ದದ ಸೂಕ್ಷ್ಮ ರಕ್ತನಾಳಗಳು, 20 ಕೋಟಿ ಗಾಳಿಗೂಡುಗಳು ಇವೆ ಎಂದು ಕಂಪನಿ ಹೇಳಿತು. ಅದಿನ್ನೂ ಕೋಶ ತುಂಬದ ಚೌಕಟ್ಟು. ಅಮೆರಿಕದಲ್ಲಿ ಅಂಗಾಂಗಕ್ಕಾಗಿ ಕಾಯುವವರ ಪಟ್ಟಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಅವರ ಕಣ್ಣಿಂದ ನೋಡಿದರೆ ಇಂಥ ಸುದ್ದಿ ಎಷ್ಟು ದೊಡ್ಡ ಆಸೆಯೆಂದು ತಿಳಿಯುತ್ತದೆ. ಆ ಕಾರಣಕ್ಕೇ ಜೆಲ್‌ನ ಏಳನೇ ದಿನದ, ಮೂವತ್ತನೇ ದಿನದ ತಟ್ಟೆ ಏನು ಹೇಳುತ್ತದೆ ಎಂಬುದನ್ನೂ ಆಸೆಯ ಜೊತೆಗೇ ಹೇಳಬೇಕು.

ನಮ್ಮ ಪಟ್ಟಿಯಲ್ಲಿ ಏನಿರಬೇಕು

ಈ ವಿದ್ಯೆ ನಮಗೆ ದೂರದ್ದಲ್ಲ. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಪಂಡೋರಮ್ ಟೆಕ್ನಾಲಜೀಸ್ 2015ರಲ್ಲೇ ಮುದ್ರಿತ ಯಕೃತ್ತಿನ ಅಂಗಾಂಶವನ್ನು ತೋರಿಸಿತ್ತು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ, ಐಐಟಿ ಮತ್ತು ಸಿಸಿಎಂಬಿ ಸೇರಿ 2022ರಲ್ಲಿ ಮಾನವ ಕಾರ್ನಿಯಾದಿಂದಲೇ ತೆಗೆದ ಹೈಡ್ರೋಜೆಲ್ ಬಳಸಿ ಕಾರ್ನಿಯಾ ಮುದ್ರಿಸಿ ಮೊಲದ ಕಣ್ಣಿಗೆ ಕಸಿ ಮಾಡಿದವು. ಕಸಿಗೆ ತಕ್ಕದ್ದಲ್ಲವೆಂದು ಬದಿಗಿಟ್ಟ ಕಣ್ಣುಗಳೂ ಇದರಿಂದ ಉಪಯೋಗಕ್ಕೆ ಬರುವಂತಾಯಿತು.

ಸುಟ್ಟಗಾಯದ ಹೊರೆಯಂತೂ ನಮ್ಮಲ್ಲಿ ಅಮೆರಿಕಕ್ಕಿಂತ ಎಷ್ಟೋ ದೊಡ್ಡದು. ಭಾರತದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಸುಟ್ಟಗಾಯಗಳಾಗುತ್ತವೆ, 1.4 ಲಕ್ಷ ಜನ ಸಾಯುತ್ತಾರೆ ಎಂಬುದು ಕೇಂದ್ರ ಸರ್ಕಾರದ ಅಂದಾಜು. ಅಡುಗೆಮನೆಯ ಬೆಂಕಿಗೆ ಸಿಕ್ಕವರು, ಬಹುಪಾಲು ಬಡವರು, ಬೆಂಗಳೂರಿನ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳ ಸುಟ್ಟಗಾಯದ ವಾರ್ಡಿಗೆ ಬರುತ್ತಾರೆ. ದಾನದ ಚರ್ಮ ಕೂಡಿಡುವ ಬ್ಯಾಂಕ್ ಅಲ್ಲಿದೆ, ಆದರೆ ಬೇಡಿಕೆಯ ಮುಂದೆ ದಾನ ಕಡಿಮೆ.

ಇದಕ್ಕೇ ನನಗೆ 2013ರ ಆ ಪಟ್ಟಿ ಅಷ್ಟು ದೊಡ್ಡದಾಗಿ ಕಾಣುತ್ತದೆ. ಅತ್ಯುತ್ತಮ ಜೆಲ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಬೆಲೆ, ಲಭ್ಯತೆ, ಕಪಾಟಿನ ಬಾಳಿಕೆ, ಬಳಸುವವರ ಅನುಕೂಲ ಇವನ್ನು ಗಟ್ಟಿಯಾಗುವ ಸಮಯದ ಪಕ್ಕದಲ್ಲೇ, ಜೀವಕೋಶದ ಉಳಿವಿನ ಪಕ್ಕದಲ್ಲೇ ಕೂರಿಸಿದ್ದರು. ನಮ್ಮ ಪಟ್ಟಿ ನಮ್ಮ ನೆಲದ್ದಾಗಿರಬೇಕು. ಕರೆಂಟು ಹೋದಾಗ ಫ್ರಿಜ್ಜಿನ ಹೊರಗೆ ಈ ಜೆಲ್ ಎಷ್ಟು ಹೊತ್ತು ಇರುತ್ತದೆ? ರಾಯಚೂರಿನ ಬೇಸಗೆಯಲ್ಲಿ ಅದರ ಗಟ್ಟಿಯಾಗುವ ಸಮಯ ಬದಲಾಗುತ್ತದೋ? ದನದ, ಹಂದಿಯ ಮೂಲದ ಜೆಲಟಿನ್ ಬೇಡವೆನ್ನುವ ರೋಗಿಗೆ ಏನು ಕೊಡಬೇಕು? ಜಿಲ್ಲಾಸ್ಪತ್ರೆಯ ಬಜೆಟ್ಟಿಗೆ ಅದು ಎಟುಕುತ್ತದೋ? ಈ ಪ್ರಶ್ನೆಗಳನ್ನು ಸಂಶೋಧನೆ ಮುಗಿದ ಮೇಲೆ ಕೇಳಿದರೆ ತಡವಾಗುತ್ತದೆ. ಮೊದಲ ದಿನವೇ ಅಳತೆಗೆ ಹಾಕಬೇಕು.

ಸೋತ ತಟ್ಟೆಗಳ ಫಲಿತಾಂಶವೂ ಪ್ರಕಟವಾಗಬೇಕು. ಯಾವ ಜೆಲ್ ಏಕೆ ಕುಸಿಯಿತು, ಯಾವುದರಲ್ಲಿ ಎಷ್ಟನೇ ದಿನ ಕೋಶ ಸತ್ತಿತು ಎಂದು ಒಬ್ಬರು ಬರೆದಿಟ್ಟರೆ, ಇನ್ನೊಂದು ಊರಿನ ವಿದ್ಯಾರ್ಥಿ ಅದೇ ದಾರಿಯಲ್ಲಿ ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಮುದ್ರಿಸುವ ಯಂತ್ರವನ್ನು ದುಡ್ಡು ಕೊಟ್ಟು ತರಬಹುದು, ಬೆಂಗಳೂರಿನಲ್ಲೇ ಮಾಡುವವರೂ ಬಂದಿದ್ದಾರೆ. ತಾಳ್ಮೆಯಿಂದ ಅಳೆಯುವವರನ್ನು ಮಾತ್ರ ನಾವೇ ಬೆಳೆಸಬೇಕು. ನಮ್ಮ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಮೇಜಿನ ಸುತ್ತ ಕೂತು ಅಂಥವರನ್ನು ಬೆಳೆಸಿದರೆ, ಸುಟ್ಟಗಾಯದ ವಾರ್ಡಿನಲ್ಲಿ ಮಲಗಿದವರಿಗೆ ಈ ವಿದ್ಯೆಯ ಫಲ ತಲುಪುವ ದಾರಿ ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ.